ಗಾಂಗ್ ಬೀಳುವುದು ಕೊನೆಗೆ: ಸೋಲೋದಲ್ಲಿ ಗಮೆಲಾನ್ ಕಲಿಯುವ ದಾರಿ, ಅಲ್ಲಿಂದ ಹೊಸ ಪ್ರಯೋಗದವರೆಗೆ

ಗಮೆಲಾನ್, ಅಂದರೆ ಜಾವಾದ ಕಂಚಿನ ವಾದ್ಯಗಳ ಮೇಳ, ಕಲಿಸುವ ಮನೆಯಲ್ಲಿ ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಬಂದ ಕೂಡಲೇ ಸಿಗುವ ಮೊದಲ ಪಾಠ ಸಂಗೀತದ್ದಲ್ಲ, ನಡಿಗೆಯದು. ವಾದ್ಯವನ್ನು ದಾಟಬಾರದು. ಎಷ್ಟೇ ಇಕ್ಕಟ್ಟಾಗಿದ್ದರೂ ಬೆನ್ನು ತುಸು ಬಗ್ಗಿಸಿ, ಸುತ್ತು ಬಳಸಿ ಹೋಗಬೇಕು. ಇಂಡೋನೇಷ್ಯಾದ ಮಧ್ಯ ಜಾವಾದ ಸುರಕಾರ್ತ ನಗರವನ್ನು ಊರವರೆಲ್ಲ ಸೋಲೋ ಎಂದೇ ಕರೆಯುತ್ತಾರೆ. ಅಲ್ಲಿನ ಹಳೆಯ ಗಮೆಲಾನ್ ಸೆಟ್‌ಗಳಿಗೆ 'ಕ್ಯಾಯಿ' ಎಂಬ ಗೌರವದ ಮಾತು ಸೇರಿಸಿ ಹೆಸರಿಟ್ಟಿರುತ್ತಾರೆ. ಗುರುವಾರ ರಾತ್ರಿ ದೊಡ್ಡ ಗಾಂಗ್‌ನ ಮುಂದೆ ಹೂವು, ಧೂಪ ಇಡುವ ಕಡೆಗಳು ಇನ್ನೂ ಇವೆ. ಆಯುಧಪೂಜೆಗೆ ವೀಣೆ, ಮೃದಂಗಕ್ಕೆ ಹೂವೇರಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲಿಸುವವರನ್ನು ವಯಸ್ಸು ನೋಡಿ 'ಪಾಕ್' ಅಥವಾ 'ಮಾಸ್' ಎನ್ನಬೇಕು, ಹೆಂಗಸರಾದರೆ 'ಬು' ಅಥವಾ 'ಮ್ಬಾಕ್'. ಬರೀ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಮೇಷ್ಟ್ರನ್ನು ಏಕವಚನದಲ್ಲಿ ಕರೆದಷ್ಟೇ ಒರಟು.

ಹೊಸಬರನ್ನು ಕೂರಿಸುವುದು ಸಾರೊನ್ ಎದುರು. ದೋಣಿಯಂಥ ಮರದ ಪೆಟ್ಟಿಗೆಯ ಮೇಲೆ ಏಳು ಕಂಚಿನ ಪಟ್ಟಿಗಳು, ಪಟ್ಟಿಯ ತೂತಿನೊಳಗೆ ಮೊಳೆ, ಅಡಿಯಲ್ಲಿ ಮೆತ್ತೆ. ಇದೇ ವಾದ್ಯ ಮೂರು ಗಾತ್ರದಲ್ಲಿದೆ: ದೊಡ್ಡದು ಡೆಮುಂಗ್, ನಡುವಿನದು ಸಾರೊನ್ ಬಾರುಂಗ್, ಪುಟ್ಟದು ಪೆಕಿಂಗ್. ಬಡಿಯುವ ಸುತ್ತಿಗೆಗೆ ತಾಬುಹ್ ಎನ್ನುತ್ತಾರೆ. ಡೆಮುಂಗ್, ಸಾರೊನ್‌ಗಳದ್ದು ಮರದ ತಾಬುಹ್, ಪೆಕಿಂಗ್‌ನದು ಎಮ್ಮೆಯ ಕೊಂಬಿನದು. ನೋಡಿದರೆ ಮಕ್ಕಳಾಟ ಅನ್ನಿಸುತ್ತದೆ. ಹಾಗನ್ನಿಸುವುದು ಎಡಗೈಗೆ ಕೆಲಸ ಬೀಳುವವರೆಗೆ ಮಾತ್ರ.

ಕಂಚಿನ ಪಟ್ಟಿ ಒಮ್ಮೆ ಮೊಳಗಿದರೆ ತಾನಾಗಿ ಬೇಗ ನಿಲ್ಲುವುದಿಲ್ಲ. ಬಲಗೈ ಮುಂದಿನ ಸ್ವರ ಬಾರಿಸುವ ಅದೇ ಗಳಿಗೆಯಲ್ಲಿ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಹಿಂದಿನ ಪಟ್ಟಿಯ ತುದಿಯನ್ನು ಚಿವುಟಿ ಹಿಡಿಯಬೇಕು. ಇದಕ್ಕೆ ಮಿತೆತ್ ಎಂದು ಹೆಸರು. ಒಂದು ಕೈ ಬರೆಯುತ್ತ ಹೋಗುತ್ತದೆ, ಇನ್ನೊಂದು ಕೈ ಒಂದು ಹೆಜ್ಜೆ ಹಿಂದೆ ಒರೆಸುತ್ತ ಬರುತ್ತದೆ. ಬೇಗ ಚಿವುಟಿದರೆ ಎರಡು ಸ್ವರಗಳ ನಡುವೆ ಹಲ್ಲು ಬಿದ್ದ ಬಾಯಿಯಂತೆ ಸಂದು ಬೀಳುತ್ತದೆ, ತಡವಾದರೆ ಎರಡು ಸ್ವರ ಒಂದರ ಮೇಲೊಂದು ಹರಡಿ ರಾಡಿ. ಒಂದೇ ಸ್ವರ ಎರಡು ಸಲ ಬಂದಾಗ ಎಲ್ಲರೂ ತಪ್ಪುತ್ತಾರೆ. ಆಗ ಎರಡನೆಯ ಹೊಡೆತಕ್ಕೆ ಕೂದಲೆಳೆಯಷ್ಟು ಮೊದಲು ಅದೇ ಪಟ್ಟಿಯನ್ನು ಹಿಡಿದು ಬಿಡಬೇಕು. ಹಿಡಿದೇ ಹೊಡೆದರೆ ಬರುವುದು 'ಟಕ್' ಎಂಬ ಸತ್ತ ಸದ್ದು. ತಾಬುಹ್ ನೇರವಾಗಿ ಇಳಿಯುವ ಬದಲು ಸ್ವಲ್ಪ ಓರೆಯಾಗಿ ಇಳಿದರೆ ಎಡಗೈಗೆ ಜಾಗ ಸಿಗುತ್ತದೆ. ಇಲ್ಲವಾದರೆ ಮೊದಲ ವಾರ ಬೆರಳ ಗೆಣ್ಣುಗಳೇ ಪೆಟ್ಟು ತಿನ್ನುತ್ತವೆ. ಸ್ವರ ಹಾಡಿಕೊಂಡೇ ಬಾರಿಸುವುದು ಅಭ್ಯಾಸಕ್ಕೆ ಒಳ್ಳೆಯದು. ನಮ್ಮ ಸರಿಗಮದ ಜಾಗದಲ್ಲಿ ಅಲ್ಲಿ ಅಂಕಿಗಳ ಮೊಟಕು ಹೆಸರು: ಜಿ, ರೊ, ಲು, ಮಾ, ನೆಮ್. ಅಂದರೆ 1, 2, 3, 5, 6.

ನಾಲ್ಕು ಎಲ್ಲಿ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ. ಸ್ಲೆಂಡ್ರೊ ಎಂಬ ಶ್ರುತಿವ್ಯವಸ್ಥೆಯಲ್ಲಿ ಅಷ್ಟಕಕ್ಕೆ ಐದೇ ಸ್ವರ, ಅವಕ್ಕಿಟ್ಟ ಅಂಕಿ 1 2 3 5 6. ಪೆಲೊಗ್ ಎಂಬ ಇನ್ನೊಂದರಲ್ಲಿ ಏಳು, 1ರಿಂದ 7. ಪೂರ್ತಿ ಗಮೆಲಾನ್ ಎಂದರೆ ಎರಡಕ್ಕೂ ಬೇರೆ ಬೇರೆ ವಾದ್ಯಗಳ ಜೋಡಿ ಸೆಟ್. ಎರಡನ್ನೂ ಲಂಬಕೋನದಲ್ಲಿ ಇಟ್ಟಿರುತ್ತಾರೆ, ವಾದಕ ಕೂತಲ್ಲೇ ತಿರುಗಿ ಬದಲಿಸುತ್ತಾನೆ. ಸ್ಲೆಂಡ್ರೊ ಕೇಳಿದೊಡನೆ ನಮ್ಮ ಕಡೆಯ ಕಿವಿ 'ಇದು ಮೋಹನ' ಎಂದು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ತಿಂಗಳುಗಟ್ಟಲೆ ಕಾಡುತ್ತದೆ. ಮೋಹನದಲ್ಲಿ ಗಾಂಧಾರದಿಂದ ಪಂಚಮಕ್ಕೆ, ಧೈವತದಿಂದ ಮೇಲಿನ ಷಡ್ಜಕ್ಕೆ ಹೆಜ್ಜೆ ಅಗಲ, ಸುಮಾರು 300 ಸೆಂಟ್ (ಒಂದು ಸೆಂಟ್ ಎಂದರೆ ಅಷ್ಟಕದ 1200ನೇ ಒಂದು ಪಾಲು). ಉಳಿದವು 200ರ ಆಸುಪಾಸು. ಸ್ಲೆಂಡ್ರೊದಲ್ಲಿ ಐದೂ ಹೆಜ್ಜೆಗಳು ಹೆಚ್ಚುಕಡಿಮೆ ಸಮ, ತಲಾ 240 ಸೆಂಟ್‌ನ ಸುತ್ತಮುತ್ತ. ಮೋಹನವನ್ನು ಮನಸ್ಸಿನಲ್ಲಿಟ್ಟು ಹಾಡಿದರೆ ಪ್ರತಿ ಸ್ವರವೂ ಕಂಚಿನ ಪಕ್ಕದಲ್ಲಿ ಕುಂಟುತ್ತದೆ. ಇನ್ನು ಆ ಸುತ್ತಮುತ್ತ ಎಂಬುದೂ ಸೆಟ್‌ನಿಂದ ಸೆಟ್‌ಗೆ ಬೇರೆ. ಪ್ರತಿ ಗಮೆಲಾನ್‌ಗೂ ತನ್ನದೇ ಬಾಗು ಇರುತ್ತದೆ, ಅದನ್ನು ಎಂಬಾತ್ ಎನ್ನುತ್ತಾರೆ. ಒಂದು ಸೆಟ್‌ನ ಸಾರೊನ್ ತಂದು ಇನ್ನೊಂದರ ನಡುವೆ ಇಟ್ಟು ಬಾರಿಸಲು ಆಗುವುದಿಲ್ಲ.

ಮೊದಲು ಕೈಗೆ ಕೊಡುವ ರಚನೆ ಸಾಮಾನ್ಯವಾಗಿ ಒಂದು ಲಾಂಚಾರಾನ್, ಅಂದರೆ ಹದಿನಾರು ಎಣಿಕೆಯ ಆವರ್ತದ ಚಿಕ್ಕ ರಚನೆ. ಮಾನ್ಯಾರ್ ಸೇವು ಎಂಬ ಹಳೆಯ ಲಾಂಚಾರಾನ್ ಹೀಗಿದೆ. ಚುಕ್ಕೆ ಎಂದರೆ ಹೊಡೆತವಿಲ್ಲದ ಎಣಿಕೆ:

. 5 . 3   . 5 . 3   . 5 . 3   . 6 . 5
. 6 . 5   . 6 . 5   . 6 . 5   . 3 . 2
. 3 . 2   . 3 . 2   . 3 . 2   . 1 . 6
. 1 . 6   . 1 . 6   . 1 . 6   . 5 . 3

ಇಲ್ಲಿ ಮೂರನೇ ಸಾಲಿನ ಕೊನೆಯ 6, ನಾಲ್ಕನೇ ಸಾಲಿನ 6ಗಳು ಕೆಳಗಿನ ಅಷ್ಟಕದವು. ನಾಲ್ಕು ಎಣಿಕೆಯ ಗುಂಪಿಗೆ ಗಾತ್ರಾ ಎನ್ನುತ್ತಾರೆ. ಪ್ರತಿ ಸಾಲಿನ ಹದಿನಾರನೇ ಎಣಿಕೆಗೆ ದೊಡ್ಡ ಗಾಂಗ್ ಬೀಳುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಜಾವಾ ಮೊದಲ ಪೆಟ್ಟು ಕೊಡುವುದು ಇಲ್ಲಿಯೇ. ನಮ್ಮ ಸಮ ಆವರ್ತದ ಬಾಗಿಲಲ್ಲಿ ನಿಂತಿರುತ್ತದೆ; ಅವರ ಭಾರವೆಲ್ಲ ಕೊನೆಯ ಮೆಟ್ಟಿಲ ಮೇಲೆ. ಗಾತ್ರಾದಲ್ಲೂ ಅಷ್ಟೇ, ನಾಲ್ಕನೆಯ ಎಣಿಕೆಯೇ ಬಲವಾದದ್ದು. ಆ ಇಳಿದಾಣಕ್ಕೆ ಸೆಲೆಹ್ ಎಂದು ಹೆಸರು. ಗಾಂಗ್ ಬಿದ್ದ ಎಣಿಕೆಯನ್ನು 'ಒಂದು' ಎಂದು ಎಣಿಸಿದರೆ ಬಾರಿಸುವುದು ತಪ್ಪದಿರಬಹುದು, ಆದರೆ ಒತ್ತೆಲ್ಲ ತಲೆಕೆಳಗು. ಪ್ರತಿ ಗಾತ್ರಾದ ಮೊದಲ ಹೊಡೆತ ಜೋರಾಗಿ, ಇಳಿದಾಣ ಜೊಳ್ಳಾಗಿ ಕೇಳುತ್ತದೆ. ಅದಕ್ಕೊಂದು ಮದ್ದು ಇದೆ. ಕೈಯಲ್ಲಿ ತಾಳ ಹಾಕುವುದನ್ನು ಪೂರ್ತಿ ಬಿಟ್ಟು, ಗಾಂಗ್‌ನಿಂದ ಹಿಂದಕ್ಕೆ ನಾಲ್ಕು ಎಣಿಕೆಯ ಸ್ವರ ಹೇಳಿಕೊಳ್ಳುವುದು: 6ರಿಂದ 5ಗೆ ಹೋಗುತ್ತಿದ್ದೇನೆ, 3ರಿಂದ 2ಗೆ ಹೋಗುತ್ತಿದ್ದೇನೆ ಎಂದು. ಹೊರಟ ಊರಿನ ಲೆಕ್ಕ ಬಿಟ್ಟು ಮುಟ್ಟುವ ಊರಿನ ಲೆಕ್ಕ ಇಡಬೇಕು.

ನಡುವಿನ ಎಣಿಕೆಗಳಿಗೂ ಕಾವಲುಗಾರರಿದ್ದಾರೆ. ಗಾತ್ರಾದ 1 ಮತ್ತು 3ಕ್ಕೆ ಕೆತುಕ್ ಎಂಬ ಪುಟ್ಟ ಮಡಕೆಯಾಕಾರದ ಗಂಟೆ, 'ತುಕ್' ಎಂದು ಒಣ ಸದ್ದು. ನಾಲ್ಕಕ್ಕೆ ಅದೇ ಜಾತಿಯ ದೊಡ್ಡ ಗಂಟೆ ಕೆನೊಂಗ್. ಎರಡಕ್ಕೆ ತೂಗುಹಾಕಿದ ಸಣ್ಣ ಗಾಂಗ್ ಕೆಂಪುಲ್. ಆದರೆ ಮೊದಲ ಗಾತ್ರಾದಲ್ಲಿ ಕೆಂಪುಲ್ ಸುಮ್ಮನಿರಬೇಕು. ಆ ಖಾಲಿ ಜಾಗಕ್ಕೂ ವೇಲಾ ಎಂಬ ಹೆಸರಿದೆ. ದೊಡ್ಡ ಗಾಂಗ್‌ನ ಮೊಳಗು ಇನ್ನೂ ಗಾಳಿಯಲ್ಲಿರುವಾಗ ಅದರ ಮೇಲೆ ಇನ್ನೊಂದನ್ನು ಹೇರಬಾರದು ಎಂಬ ಕಾರಣ ಕೊಡುತ್ತಾರೆ. ಹೊಸ ಕೆಂಪುಲ್ ವಾದಕರಲ್ಲಿ ವೇಲಾದಲ್ಲಿ ಹೊಡೆಯದವರು ಯಾರೂ ಇಲ್ಲ. ಹೊಡೆದಾಗ ಯಾರೂ ಬಯ್ಯುವುದಿಲ್ಲ, ಕೂತವರೆಲ್ಲ ಮೆಲ್ಲನೆ ನಗುತ್ತಾರೆ. ಬೈಗುಳವೇ ವಾಸಿ.

ಗಾಂಗ್ ಬಾರಿಸುವುದಕ್ಕೂ ಒಂದು ಪೂರ್ವಸಿದ್ಧತೆ ಬೇಕು. ತಣ್ಣಗೆ ತೂಗುತ್ತಿರುವ ದೊಡ್ಡ ಗಾಂಗ್‌ಗೆ ಏಕಾಏಕಿ ಹೊಡೆದರೆ ಅದು ಮೊಳಗಲು ತಡವಾಗುತ್ತದೆ, ಸದ್ದು ಗಟ್ಟಿಯಾದರೂ ಆಳ ಇರುವುದಿಲ್ಲ. ಹೊಡೆಯುವ ಮುಂಚೆ ಕೇಳಿಸದಷ್ಟು ಮೆಲ್ಲಗೆ ಸವರಿ ಎಬ್ಬಿಸಿಕೊಳ್ಳಬೇಕು. ಮೆತ್ತನೆಯ ತಾಬುಹ್ ನಡುವೆ ಉಬ್ಬಿದ ಗುಬ್ಬಿಗೆ ನೇರವಾಗಿ ತಾಗಬೇಕು. ಅಂಚಿಗೆ ತಾಗಿದರೆ ದೇವಸ್ಥಾನದ ಜಾಗಟೆ ನೆನಪಾಗುತ್ತದೆ. ನಮ್ಮ ಜಾಗಟೆ ಚಪ್ಪಟೆ ತಟ್ಟೆ, ಅದಕ್ಕೆ ನಿರ್ದಿಷ್ಟ ಶ್ರುತಿ ಇಲ್ಲ. ಗಾಂಗ್‌ನ ಗುಬ್ಬಿ ಮತ್ತು ಆಳವಾದ ಅಂಚು ಸೇರಿ ಅದಕ್ಕೊಂದು ಸ್ಪಷ್ಟ ಸ್ವರ ಕೊಡುತ್ತವೆ. ಆ ಸ್ವರವೂ ನಿಂತ ನೀರಲ್ಲ, ಅಲೆಅಲೆಯಾಗಿ ಏರಿಳಿಯುತ್ತದೆ. ಅದನ್ನು ಓಂಬಾಕ್, ಅಂದರೆ ಅಲೆ, ಎನ್ನುತ್ತಾರೆ. ಅಲೆಯಿಲ್ಲದ ದೊಡ್ಡ ಗಾಂಗ್‌ಗೆ ಬೆಲೆಯೂ ಇಲ್ಲ.

ಲಾಂಚಾರಾನ್ ಕೈಗೆ ಬಂದಮೇಲೆ ಈರಾಮಾ. ಇದನ್ನು 'ಲಯ' ಎಂದು ಅನುವಾದಿಸಿದರೆ ಅರ್ಧವಷ್ಟೇ ಹೇಳಿದಂತೆ. ಮೂಲ ರಾಗಪಂಕ್ತಿಗೆ ಬಲುಂಗಾನ್ ಎನ್ನುತ್ತಾರೆ, ಬಲುಂಗ್ ಎಂದರೆ ಎಲುಬು. ಈ ಎಲುಬುಗೂಡಿನ ಒಂದು ಸ್ವರಕ್ಕೆ ಪೆಕಿಂಗ್ ಎಷ್ಟು ಹೊಡೆತ ಹೊಡೆಯುತ್ತದೆ ಎಂಬುದರ ಮೇಲೆ ಹಂತಗಳು: ಲಾಂಚಾರ್‌ನಲ್ಲಿ 1, ತಾಂಗ್ಗುಂಗ್‌ನಲ್ಲಿ 2, ದಾದಿಯಲ್ಲಿ 4, ವಿಲೆತ್‌ನಲ್ಲಿ 8, ರಾಂಗ್ಕೆಪ್‌ನಲ್ಲಿ 16. ಪಲ್ಲವಿಯ ತ್ರಿಕಾಲ ಗೊತ್ತಿದ್ದವರಿಗೆ ಲೆಕ್ಕ ಕಷ್ಟವಲ್ಲ. ಕಷ್ಟ ಇರುವುದು ಒಂದರಿಂದ ಇನ್ನೊಂದಕ್ಕೆ ಜಾರುವುದರಲ್ಲಿ. ಹಂತ ಒಮ್ಮೆಲೇ ಬದಲಾಗುವುದಿಲ್ಲ. ಕೆಂಡಾಂಗ್, ಅಂದರೆ ಮದ್ದಳೆಯ ಜಾತಿಯ ವಾದ್ಯ, ಎಳೆದೆಳೆದು ವೇಗ ತಗ್ಗಿಸುತ್ತದೆ; ಬಲುಂಗಾನ್ ಅರ್ಧ ವೇಗಕ್ಕೆ ಇಳಿಯುವ ಹೊತ್ತಿಗೆ ಪೆಕಿಂಗ್ ತನ್ನ ಹೊಡೆತವನ್ನು ದುಪ್ಪಟ್ಟು ಮಾಡಿ ಮೊದಲಿನ ವೇಗಕ್ಕೇ ಮರಳುತ್ತದೆ.

ಲಾದ್ರಾಂಗ್ ವಿಲುಜೆಂಗ್ ಎಂಬ, ಶುಭ ಹಾರೈಸುವ ರಚನೆಯಲ್ಲಿ ಇದನ್ನು ಕಲಿಸುತ್ತಾರೆ. ಲಾದ್ರಾಂಗ್‌ನಲ್ಲಿ ಗಾಂಗ್‌ನಿಂದ ಗಾಂಗ್‌ಗೆ 32 ಎಣಿಕೆ, ನಾಲ್ಕು ಕೆನೊಂಗ್. ಮೊದಲ ಎಂಟು ಸ್ವರ 2 1 2 3, 2 1 2 6. ಸೋಲೋ ಶೈಲಿಯ ಪೆಕಿಂಗ್ ಮೊದಲ ಗಾತ್ರಾವನ್ನು ತಾಂಗ್ಗುಂಗ್‌ನಲ್ಲಿ 22 11 22 33 ಎಂದು, ದಾದಿಯಲ್ಲಿ 22 11 22 11 22 33 22 33 ಎಂದು ಬಾರಿಸುತ್ತದೆ. ಎರಡು ತಪ್ಪು ಸಾಮಾನ್ಯ. ಪೆಕಿಂಗ್ ತೀರಾ ಬೇಗ ದುಪ್ಪಟ್ಟಾದರೆ ಉಳಿದವರು ವೇಗ ತಗ್ಗಿಸುವುದನ್ನೇ ನಿಲ್ಲಿಸಿಬಿಡುತ್ತಾರೆ, ಇಡೀ ತಂಡ ನಡುನೀರಿನಲ್ಲಿ ತೇಲುತ್ತದೆ. ತಡವಾದರೆ ಪೆಕಿಂಗ್ ಕೈ ಸೋತು ಎಳೆದಾಡುತ್ತದೆ. ಎರಡಕ್ಕೂ ಮೂಲ ಒಂದೇ, ಕಣ್ಣು ಹಾಳೆಯ ಮೇಲಿರುತ್ತದೆ, ಕಿವಿ ಕೆಂಡಾಂಗ್ ಮೇಲೆ ಇರುವುದಿಲ್ಲ. ಅಂಕಿಗಳ ಈ ಲಿಪಿ ಸುಮಾರು 1900ರಲ್ಲಿ ಸೋಲೋ ಅರಮನೆಯ ಪ್ರಧಾನಿಯ ನಿವಾಸವಾಗಿದ್ದ ಕೆಪಾತಿಹಾನ್‌ನಲ್ಲಿ ರೂಪುಗೊಂಡದ್ದು, ಆ ಜಾಗದ ಹೆಸರಿನಿಂದಲೇ ಕರೆಯುತ್ತಾರೆ. ಓದಲು ಹತ್ತು ನಿಮಿಷ ಸಾಕು, ಆ ಸಲೀಸೇ ಮುಳುವಾಗುವುದು. ಹಾಳೆಯನ್ನು ಎಷ್ಟು ಬೇಗ ಮಡಚಿಟ್ಟರೆ ಅಷ್ಟು ಒಳ್ಳೆಯದು.

ಬೊನಾಂಗ್ ಎಂದರೆ ಎರಡು ಸಾಲಿನಲ್ಲಿ ಹಗ್ಗದ ಮೇಲೆ ಕೂರಿಸಿದ ಗುಬ್ಬಿಯುಳ್ಳ ಕಂಚಿನ ಮಡಕೆಗಳು. ಬಲುಂಗಾನ್‌ನ ಎರಡೆರಡು ಸ್ವರ ಹಿಡಿದು ಅದು ಹೆಣೆಯುತ್ತದೆ: 2 1 ಎಂಬುದು 2 1 2 1 ಆಗುತ್ತದೆ, ಎಷ್ಟೋ ಸಲ ಕೊನೆಯ ಹೊಡೆತ ಬಿಟ್ಟು. ಈ ವರಸೆಗೆ ಮಿಪಿಲ್ ಎನ್ನುತ್ತಾರೆ. ಬೊನಾಂಗ್ ಯಾವಾಗಲೂ ಬಲುಂಗಾನ್‌ಗಿಂತ ಒಂದು ಹೆಜ್ಜೆ ಮುಂದೆ. ದಾರಿ ಮರೆತ ಸಾರೊನ್ ವಾದಕ ಬೊನಾಂಗ್ ಕಡೆ ಕಿವಿ ತಿರುಗಿಸಿದರೆ ಮುಂದಿನ ಸ್ವರ ಅಲ್ಲಿ ಸಿಗುತ್ತದೆ. ಬೊನಾಂಗ್ ವಾದಕನೇ ಮರೆತರೆ ಕೇಳುವುದು ಬೇಡ.

ಇಲ್ಲಿಯವರೆಗೆ ಮೂರು ನಾಲ್ಕು ತಿಂಗಳು. ಇನ್ನು ಗೆಂದೆರ್. ಬಿದಿರಿನ ಇಲ್ಲವೇ ತಗಡಿನ ಕೊಳವೆಗಳ ಮೇಲೆ ದಾರದಲ್ಲಿ ತೂಗುವ ತೆಳು ಪಟ್ಟಿಗಳು, ಎರಡು ಕೈಗೂ ಮೆತ್ತೆ ಸುತ್ತಿದ ದುಂಡು ತಾಬುಹ್. ಇಲ್ಲಿ ಚಿವುಟಲು ಬಿಡುವಿನ ಕೈಯೇ ಇಲ್ಲ. ಬಾರಿಸಿದ ಕೈಯ ಅಂಚು, ಕಿರುಬೆರಳ ಬದಿಯೇ ಹಿಂದಿನ ಪಟ್ಟಿಯನ್ನು ಸುಮ್ಮನಾಗಿಸಬೇಕು, ಅದೂ ಎರಡು ಕೈಗಳು ಬೇರೆ ಬೇರೆ ದಾರಿ ಹಿಡಿದಿರುವಾಗ. ಗೆಂದೆರ್‌ಗೆ ಯಾರೂ ಸ್ವರ ಬರೆದುಕೊಡುವುದಿಲ್ಲ. ಬಲುಂಗಾನ್‌ನ ಇಳಿದಾಣ ನೋಡಿ ಅಲ್ಲಿಗೆ ಮುಟ್ಟಿಸುವ ಚೆಂಗ್ಕೊಕ್ ಎಂಬ ಪಡಿಯಚ್ಚನ್ನು ವಾದಕನೇ ಆರಿಸಬೇಕು. ಚೆಂಗ್ಕೊಕ್‌ಗಳಿಗೆ ಮುದ್ದಾದ ಹೆಸರುಗಳಿವೆ. ಕುತುಕ್ ಕುನಿಂಗ್ ಎಂದರೆ ಹಳದಿ ಕೋಳಿಮರಿ, ಪುತುತ್ ಗೆಲುತ್ ಎಂದರೆ ಕುಸ್ತಿಗಿಳಿದ ಶಿಷ್ಯರು. ದುವಾ ಲೋಲೊ, ಆಯು ಕುನಿಂಗ್, ತುಮುರುನ್, ಹೀಗೆ ಪಟ್ಟಿ ಬೆಳೆಯುತ್ತದೆ. ಹೆಸರು ಹೇಳಿದರೆ ಸಾಕು, ಅನುಭವಿಗಳ ಕೈ ತಾನೇ ಓಡುತ್ತದೆ. ಅದೇ ಪುತುತ್ ಗೆಲುತ್ ಅನ್ನು ಇಬ್ಬರು ಹಿರಿಯರು ಒಂದೇ ಥರ ಬಾರಿಸುವುದಿಲ್ಲ.

ಹೀಗೆ ಎಲುಬಿಗೆ ಮಾಂಸ ತುಂಬುವ ಕೆಲಸಕ್ಕೆ ಗಾರಾಪ್ ಎನ್ನುತ್ತಾರೆ. ಹೊಲ ಗೇಯುವುದಕ್ಕೂ ಇದೇ ಮಾತು. ಎರಡು ತಂತಿಯ ರೆಬಾಬ್, ಮರದ ಪಟ್ಟಿಯ ಗಾಂಬಾಂಗ್, ಮೀಟುವ ತಂತಿಗಳ ಸಿತೆರ್, ಸುಲಿಂಗ್ ಕೊಳಲು, ಸಿಂಡೆನ್ ಗಾಯಕಿ, ಎಲ್ಲರೂ ಒಂದೇ ಬಲುಂಗಾನ್ ಅನ್ನು ತಮ್ಮ ತಮ್ಮ ನೇಗಿಲಲ್ಲಿ ಗೇಯುತ್ತಾರೆ, ಇಳಿದಾಣದಲ್ಲಿ ಕೂಡುತ್ತಾರೆ. ಸಿಂಡೆನ್ ಅಂತೂ ಬೇಕೆಂದೇ ತಡವಾಗಿ ಬಂದು ಸೇರುತ್ತಾಳೆ. ತಪ್ಪಿದಳೇನೋ ಎಂದು ಹೊಸ ಕಿವಿ ಗಾಬರಿಯಾಗುತ್ತದೆ. ಜಾವಾದ ಸಂಗೀತ ಏಕತಾನ ಎನ್ನುವವರು ಬಹುಶಃ ಸಾರೊನ್ ಮಾತ್ರ ಕೇಳಿರುತ್ತಾರೆ. ಯೋಗ್ಯಕಾರ್ತದಲ್ಲಿ ಬೇರೆ ಹದ. ಅಲ್ಲಿ ಸೊರಾನ್ ಎಂಬ ಗಟ್ಟಿ ವಾದನಕ್ಕೆ ಮರ್ಯಾದೆ ಹೆಚ್ಚು, ಸೋಲೋದವರು ಮೆಲುದನಿಯ ವಾದ್ಯಗಳ ಹೆಣಿಗೆಗೆ ಮನಸೋಲುತ್ತಾರೆ. ಎರಡೂ ಊರುಗಳ ನಡುವೆ ಅರುವತ್ತೇ ಚಿಲ್ಲರೆ ಕಿಲೋಮೀಟರ್, ಆದರೆ ಈ ವಾದ ಮುಗಿಯುವ ಲಕ್ಷಣ ಇಲ್ಲ.

ಕಂಚು ಹೇಗೆ ಹೀಗೆ ಮೊಳಗುತ್ತದೆ ಎಂಬುದು ಸೋಲೋದ ಪಕ್ಕದ ಸುಕೊಹಾರ್ಜೊ ಜಿಲ್ಲೆಯ ವಿರುನ್ ಹಳ್ಳಿಯ ಕುಲುಮೆಗಳಲ್ಲಿ ಕಾಣುತ್ತದೆ. ಮಿಶ್ರಣದ ಅಳತೆ ಹತ್ತು ಪಾಲು ತಾಮ್ರಕ್ಕೆ ಮೂರು ಪಾಲು ತವರ, ಅಂದರೆ ಶೇ. 23ರಷ್ಟು ತವರ. ಕಂಚಿಗೆ ಜಾವಾದ ಮಾತು ಗಾಂಗ್ಸಾ. ಅದು ನಮ್ಮ ಕಾಂಸ್ಯದ ನೆಂಟ. ಅಲ್ಲಿನವರು ಮಾತ್ರ ಅದನ್ನು 'ತಿಗಾ, ಸದಾಸಾ', ಮೂರು ಮತ್ತು ಹತ್ತು, ಎಂದು ಬಿಡಿಸಿ ಅಳತೆಯನ್ನೇ ಹೆಸರಿನೊಳಗೆ ಕಾಣುತ್ತಾರೆ. ಕರಗಿಸಿದ ಲೋಹವನ್ನು ಮೊದಲು ದಪ್ಪ ರೊಟ್ಟಿಯಂತೆ ಎರಕ ಹೊಯ್ಯುತ್ತಾರೆ. ಆಮೇಲೆ ಅದನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಒಬ್ಬ ಇಕ್ಕಳದಿಂದ ತಿರುಗಿಸುತ್ತಿರಲು ಸುತ್ತ ನಿಂತವರು ಸರದಿಯಲ್ಲಿ ಬಡಿಯುತ್ತಾರೆ. ಕೆಲವೇ ಪೆಟ್ಟುಗಳ ಮಟ್ಟಿಗೆ ಬಣ್ಣ ಉಳಿಯುತ್ತದೆ, ಮತ್ತೆ ಬೆಂಕಿಗೆ. ಒಂದು ಗಾಂಗ್‌ಗೆ ಈ ಸುತ್ತು ಹತ್ತಾರು ಸಲ. ಕುಲುಮೆಯನ್ನು ಬೇಕೆಂದೇ ಕತ್ತಲಾಗಿಟ್ಟಿರುತ್ತಾರೆ, ಬೆಳಕಿದ್ದರೆ ಲೋಹದ ಬಣ್ಣ ಸರಿಯಾಗಿ ಕಾಣುವುದಿಲ್ಲ. ಇಷ್ಟು ತವರ ಸೇರಿದ ಕಂಚು ಕೆಂಪಗಿರುವಾಗ ಮಾತ್ರ ಸುತ್ತಿಗೆಗೆ ಬಗ್ಗುತ್ತದೆ. ಬಣ್ಣ ಇಳಿದಮೇಲೆ ಒಂದೇ ಒಂದು ಪೆಟ್ಟು ಬಿದ್ದರೂ ಗಾಜಿನಂತೆ ಸೀಳುತ್ತದೆ, ಅಷ್ಟು ದಿನದ ದುಡಿಮೆ ಮತ್ತೆ ಮೂಸೆಗೆ. ರೂಪ ಬಂದಮೇಲೆ ಬಿಸಿಯಿರುವಾಗಲೇ ನೀರಿಗೆ ಅದ್ದುತ್ತಾರೆ. ಉಕ್ಕನ್ನು ಹೀಗೆ ಅದ್ದಿದರೆ ಬಿರುಸಾಗುತ್ತದೆ. ಈ ಕಂಚು ಅದ್ದದಿದ್ದರೆ ಬಿರುಸು, ಅದ್ದಿದರೆ ಗಟ್ಟಿಮುಟ್ಟು.

ಶ್ರುತಿ ಮಾಡುವುದು ಅರದಿಂದ. ಪಟ್ಟಿಯ ನಡುಭಾಗ ಸವೆಸಿದರೆ ಸ್ವರ ಇಳಿಯುತ್ತದೆ, ತುದಿಗಳನ್ನು ಸವೆಸಿದರೆ ಏರುತ್ತದೆ. ಎರಡೂ ಹಿಂದಿರುಗಿಸಲಾಗದ ಕೆಲಸ, ಆದ್ದರಿಂದ ಎರಡು ಸಲ ಉಜ್ಜಿ, ತಣ್ಣಗಾಗಲು ಬಿಟ್ಟು, ಆಮೇಲೆ ಕೇಳಬೇಕು. ಉಜ್ಜಿದ ಬಿಸಿಗೆ ಪಟ್ಟಿ ಸುಳ್ಳು ಹೇಳುತ್ತದೆ. ಹೊಸ ಕಂಚು ಕೆಲವು ವರ್ಷ ಮೆಲ್ಲಗೆ ಜಾರುತ್ತಲೇ ಇರುತ್ತದೆ, ಮತ್ತೆ ಮತ್ತೆ ಶ್ರುತಿ ಮಾಡಿಸಬೇಕು. ದುಡ್ಡು ಕಡಿಮೆಯಿದ್ದರೆ ಕಬ್ಬಿಣದ ಸೆಟ್. ತುಕ್ಕು ಹಿಡಿಯುತ್ತದೆ, ಮೊಳಗು ಮೊಟಕು, ಆದರೆ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಗೆಳೆಯ ಇಲ್ಲ.

ಪ್ರಯೋಗ ಎಂದಕೂಡಲೇ ಹೊರಗಿನಿಂದ ಬಂದದ್ದು ಎಂದುಕೊಳ್ಳಬಾರದು. 1964ರಲ್ಲಿ ಸೋಲೋದಲ್ಲಿ ಶುರುವಾದ ಅಸ್ಕಿ ಎಂಬ ಕಲಾ ಅಕಾಡೆಮಿಯೇ ಈಗಿನ ಕಲಾಸಂಸ್ಥೆ ಐಎಸ್‌ಐ ಸುರಕಾರ್ತ. 1970ರ ದಶಕದಲ್ಲಿ ಅದನ್ನು ನಡೆಸಿದ ಗೆಂಡೊನ್ ಹುಮರ್ದಾನಿ ಅರಮನೆಯ ಪರಂಪರೆ ಬಲ್ಲ ವಾದಕರನ್ನೇ ಹೊಸದು ಮಾಡಿ ಎಂದು ಹುರಿದುಂಬಿಸಿದರು. 1979ರಲ್ಲಿ ಜಕಾರ್ತದಲ್ಲಿ ಯುವ ಸಂಯೋಜಕರ ವಾರ ಶುರುವಾದಾಗ ಅದಕ್ಕೆ ಸೋಲೋದವರು ಸಿದ್ಧರಿದ್ದರು. ರಹಾಯು ಸುಪಂಗ್ಗಾ, ಎ.ಎಲ್. ಸುವಾರ್ಡಿ ಆ ಪೀಳಿಗೆಯವರು. ಬಾಲಿಯಿಂದ ಬಂದು ಸೋಲೋದಲ್ಲೇ ಪಾಠ ಹೇಳಿದ ಐ ವಾಯಾನ್ ಸಾದ್ರಾ ಕಾದ ಕಬ್ಬಿಣದ ಹಲಗೆಗೆ ಹಸಿ ಮೊಟ್ಟೆ ಎಸೆದು ಆ ಚುರ್ ಸದ್ದನ್ನು, ವಾಸನೆಯನ್ನೂ ಸಂಗೀತದೊಳಗೆ ತಂದರು. ಗಾಂಗ್ ಅನ್ನು ನೆಲದ ಮೇಲೆ ಎಳೆದಾಡಿದರು. ದಾಟಲೂ ಬಾರದ ವಾದ್ಯವನ್ನು ಎಳೆಯುವುದು ಎಂದರೆ ಆ ನೆಲದಲ್ಲಿ ಏನೆಂದು ಮೇಲೆ ಹೇಳಿದ ಮೊದಲ ಪಾಠ ನೆನೆದರೆ ತಿಳಿಯುತ್ತದೆ. ಯೋಗ್ಯಕಾರ್ತದಲ್ಲಿ ಸಪ್ತೊ ರಹಾರ್ಜೊ ಗಮೆಲಾನ್ ಜೊತೆ ವಿದ್ಯುನ್ಮಾನ ವಾದ್ಯ ಬೆರೆಸಿದರು. 1995ರಿಂದ ಅಲ್ಲಿ ಗಮೆಲಾನ್ ಉತ್ಸವ ನಡೆಯುತ್ತ ಬಂದಿದೆ.

ಇಂದು ಹೊಸ ಕೃತಿ ಕಟ್ಟುವಾಗ ಹಾಳೆಯಲ್ಲಿ ಪೂರ್ತಿ ಬರೆದು ತಂದವರಿಗಿಂತ ನಾಲ್ಕು ವರಸೆ ಬಾಯಲ್ಲಿ ಹೇಳಿ ತಂಡದೊಡನೆ ಕೂತು ತಿದ್ದುವವರ ಕೆಲಸ ಬೇಗ ಏಳುತ್ತದೆ. ಗಾರಾಪ್ ಮಾಡಿ ಬೆಳೆದ ಕೈಗಳಿಗೆ ಸ್ವರಸ್ವರವನ್ನೂ ಗೊತ್ತು ಮಾಡಿಕೊಟ್ಟರೆ ಅವು ಸೊರಗುತ್ತವೆ. ಇಳಿದಾಣ, ಸಂಜ್ಞೆ ಕೊಡುವವರು ಯಾರು, ಯಾವ ಜಾಗದಲ್ಲಿ ಯಾರು ಸುಮ್ಮನಿರಬೇಕು, ಇಷ್ಟು ಗೊತ್ತುಪಡಿಸಿದರೆ ಉಳಿದದ್ದು ಅಭ್ಯಾಸದಲ್ಲಿ ತುಂಬುತ್ತದೆ. ಸುಮ್ಮನಿರುವುದನ್ನು ಗೊತ್ತುಪಡಿಸದಿದ್ದರೆ ಇಪ್ಪತ್ತು ಜನ ಒಟ್ಟಿಗೆ ಬಾರಿಸುತ್ತಾರೆ, ಐದು ನಿಮಿಷದಲ್ಲಿ ಪಾತ್ರೆಯಂಗಡಿ.

ಹೊಸ ಕೃತಿಗಳ ಎಂಜಿನ್ ಎಷ್ಟೋ ಸಲ ಹಳೆಯ ಇಂಬಾಲ್. ಇಬ್ಬರು ವಾದಕರು ಹಲ್ಲಿಗೆ ಹಲ್ಲು ಕೂರುವ ಚಕ್ರಗಳಂತೆ ಬಾರಿಸುವುದು: ಒಬ್ಬರದು 1 3 1 3, ಇನ್ನೊಬ್ಬರದು ಅದರ ಸಂದಿನಲ್ಲಿ 2 5 2 5, ಕೇಳುವುದು 1 2 3 5. ವೇಗ ಏರಿದಂತೆ ಸಂದಿನಲ್ಲಿ ಬಾರಿಸುವವರು ಗೊತ್ತಾಗದೆ ಜೊತೆಗಾರರ ಹೊಡೆತದ ಮೇಲೆಯೇ ಜಾರುತ್ತಾರೆ. ಸಂದಿನವರು ತಮ್ಮ ಸ್ವರ ಹಾಡಿಕೊಳ್ಳದೆ ಜೊತೆಗಾರರ ಸ್ವರ ಮನಸ್ಸಿನಲ್ಲಿ ಹಾಡಿಕೊಂಡರೆ ಸರಿಹೋಗುತ್ತದೆ. ಇಲ್ಲಿ ಲ್ಯಾಪ್‌ಟಾಪ್ ಸೇರಿಸಿದರೆ ಇನ್ನೊಂದು ತೊಡಕು. ಮೈಕ್‌ನಿಂದ ಸ್ಪೀಕರ್‌ಗೆ ಸದ್ದು ತಲುಪಲು 20 ಮಿಲಿಸೆಕೆಂಡ್ ದಾಟಿತೆಂದರೆ ವೇಗದ ಇಂಬಾಲ್ ಮುರಿಯುತ್ತದೆ. ಯಂತ್ರಕ್ಕೆ ಹೆಣಿಗೆ ಕೊಡದೆ ಉದ್ದ ಸ್ವರದ ಕೆಲಸ ಕೊಡುವುದೇ ಜಾಣತನ.

ಉದ್ದ ಸ್ವರಕ್ಕೂ ಶ್ರುತಿ ಬೇಕಲ್ಲ. ಕೀಬೋರ್ಡಿನ ಹನ್ನೆರಡು ಸ್ವರದೊಳಗೆ ಸ್ಲೆಂಡ್ರೊ ಇಲ್ಲ. ಬಳಸುವ ಸೆಟ್‌ನ ಪ್ರತಿ ಪಟ್ಟಿಯನ್ನೂ ಅಳೆದು ಆ ಹರ್ಟ್ಸ್ ಲೆಕ್ಕವನ್ನು ಸಾಫ್ಟ್‌ವೇರಿಗೆ ಊಡಬೇಕು, ಪ್ರತಿ ಅಷ್ಟಕಕ್ಕೂ ಬೇರೆಯಾಗಿ. ಅಷ್ಟಕಗಳು ಎಷ್ಟೋ ಸಲ ಇಮ್ಮಡಿಗಿಂತ ತುಸು ಅಗಲ. ಗಟ್ಟಿ ತಾಬುಹ್‌ನಿಂದ ಹೊಡೆದು ಅಳೆದರೆ ಟ್ಯೂನರ್ ದಾರಿ ತಪ್ಪಿಸುತ್ತದೆ. ಲೋಹದ ಪಟ್ಟಿಯ ಮೇಲುಸ್ವರಗಳು ತಂತಿಯಂತೆ 1, 2, 3 ಎಂದು ಜೋಡಿಕೊಂಡಿರುವುದಿಲ್ಲ, ಎರಡನೆಯದು ಮೂಲದ ಸುಮಾರು 2.76 ಪಟ್ಟು. ಮೆತ್ತನೆಯ ತಾಬುಹ್‌ನಿಂದ ಬಾರಿಸಿ, ಅರ್ಧ ಸೆಕೆಂಡ್ ಬಿಟ್ಟು ಓದಬೇಕು. ಯಂತ್ರದ ಸ್ವರ 466, ಪಟ್ಟಿಯದು 463 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಮೂರು ಅಲೆ ಏಳುತ್ತವೆ. ಬೇಡವಾದರೆ ದೋಷ, ಬೇಕೆಂದು ಮಾಡಿದರೆ ಗಾಂಗ್‌ನ ಓಂಬಾಕ್‌ಗೆ ಜೊತೆ. ಕೆಲವರು ಇಡೀ ಕೃತಿಯನ್ನು ಈ ಮೂರು ಹರ್ಟ್ಸ್ ಮೇಲೆಯೇ ಕಟ್ಟುತ್ತಾರೆ.

ಪಿಟೀಲಿನ ಕಮಾನು ಎಳೆಯುವುದು ಇನ್ನೊಂದು ಮೆಚ್ಚಿನ ತಂತ್ರ. ದಾರದಲ್ಲಿ ತೂಗುವ ಗೆಂದೆರ್ ಮತ್ತು ಅದೇ ಜಾತಿಯ ಸ್ಲೆಂತೆಮ್ ಪಟ್ಟಿಗಳ ತುದಿಯ ಅಂಚಿಗೆ ಎಳೆದರೆ ಹೊಡೆತವೇ ಇಲ್ಲದ, ಎಲ್ಲಿಂದ ಬಂತೋ ತಿಳಿಯದ ನಾದ ಏಳುತ್ತದೆ. ದಾರ ಹಾದುಹೋಗುವ ಜಾಗದ ಬಳಿ ಎಳೆದರೆ ಏನೂ ಬಾರದು, ಅಲ್ಲಿ ಪಟ್ಟಿ ಅಲುಗುವುದೇ ಇಲ್ಲ. ಕಮಾನಿಗೆ ಪಿಟೀಲಿಗೆ ಹಚ್ಚುವುದಕ್ಕಿಂತ ಹೆಚ್ಚು ರಾಳ ಬೇಕು. ಮುಗಿದ ಮೇಲೆ ಒರೆಸದಿದ್ದರೆ ಮರುದಿನ ಮಿತೆತ್ ಮಾಡುವವರ ಬೆರಳಿಗೆ ಅಂಟುತ್ತದೆ, ನಿಮ್ಮ ಹೆಸರು ಹಾಳಾಗುತ್ತದೆ. ತಾತ್ಕಾಲಿಕವಾಗಿ ಸ್ವರ ಇಳಿಸಲು ಪಟ್ಟಿಯ ತುದಿಯಡಿ ಮೇಣ ಮೆತ್ತಬಹುದು. ಅರಕ್ಕೆ ಮಾತ್ರ ಕೈ ಹಾಕಬಾರದು. ಸ್ಪರ್ಶ ಮೈಕ್ ಅಂಟಿಸುವಾಗಲೂ ಅದರ ತೂಕ ಸ್ವರವನ್ನು ಇಳಿಸುತ್ತದೆ ಎಂಬುದು ನೆನಪಿರಲಿ. ಸ್ಲೆಂಡ್ರೊ, ಪೆಲೊಗ್ ಎರಡನ್ನೂ ಒಟ್ಟಿಗೆ ಬಾರಿಸುವ ಆಸೆ ಎಲ್ಲ ಹೊಸಬರಿಗೂ ಬರುತ್ತದೆ. ಎರಡು ಸೆಟ್‌ಗೂ ಸಮಾನವಾದ ಸ್ವರಕ್ಕೆ ತುಂಬುಕ್ ಎನ್ನುತ್ತಾರೆ, ಹೆಚ್ಚಾಗಿ ಅದು 6. ದಾಟುವ ಸೇತುವೆ ಅದೊಂದೇ. ಅದನ್ನು ಗುರುತಿಸಿಕೊಳ್ಳದೆ ಎರಡನ್ನೂ ಕಲಸಿದರೆ ಧೈರ್ಯ ಕಾಣುವುದಿಲ್ಲ, ಅಜಾಗರೂಕತೆ ಕಾಣುತ್ತದೆ.

ಕಂಚನ್ನೇ ಬಿಟ್ಟು ಹೊರಟವರೂ ಇದ್ದಾರೆ. 2010ರಲ್ಲಿ ಯೋಗ್ಯಕಾರ್ತದಲ್ಲಿ ಜೊತೆಯಾದ ರುಲ್ಲಿ ಶಬಾರಾ, ವುಕಿರ್ ಸುರ್ಯಾಡಿ ಅವರ ಸೆನ್ಯಾವಾ ಎಂಬ ಇಬ್ಬರ ತಂಡದಲ್ಲಿ ಇರುವುದು ಒಂದು ಗಂಟಲು, ಒಂದು ಮನೆಯಲ್ಲೇ ಮಾಡಿದ ವಾದ್ಯ. ದಪ್ಪ ಬಿದಿರಿನ ಅಂಡೆಗೆ ಬಿದಿರಿನ ಸಿಪ್ಪೆಯದೇ ತಂತಿ ಮತ್ತು ಉಕ್ಕಿನ ತಂತಿ, ಮೇಲೆ ವಿದ್ಯುತ್ ಪಿಕಪ್. ಹೊಲದ ಸಲಕರಣೆಗಳನ್ನೂ ವುಕಿರ್ ವಾದ್ಯವಾಗಿಸಿದ್ದಾರೆ. 2021ರಲ್ಲಿ ಅವರ ಆಲ್ಬಂ ಒಂದನ್ನು ಜಗತ್ತಿನ 44 ಸಣ್ಣ ಲೇಬಲ್‌ಗಳು ಒಟ್ಟಿಗೆ ತಂದವು. ಇಂಥ ಬಿದಿರಿನ ವಾದ್ಯ ಮಾಡಲು ಹೊರಟವರು ಹಸಿ ಬಿದಿರು ತಂದು ಕೆಡುತ್ತಾರೆ. ಬಲಿತ ಬಿದಿರನ್ನು ನೆರಳಲ್ಲಿ ಒಣಗಿಸದೆ ಸಿಪ್ಪೆ ಎಬ್ಬಿಸಿದರೆ ಎರಡು ವಾರದಲ್ಲಿ ತಂತಿ ಸಡಿಲ, ಅಂಡೆ ಸೀಳು.

ಭಾರತದಿಂದ ಹೋಗಿ ಕಲಿಯಬೇಕೆನ್ನುವವರಿಗೆ ಇಂಡೋನೇಷ್ಯಾ ಸರ್ಕಾರದ ದರ್ಮಸಿಸ್ವಾ ವಿದ್ಯಾರ್ಥಿವೇತನ ಹೆಚ್ಚು ಬಳಕೆಯ ದಾರಿ. ಅರ್ಜಿಗೆ ಮುಂಚೆ ಇಂಡೋನೇಷ್ಯಾದ ಭಾಷೆ ಸ್ವಲ್ಪ ಕಲಿತಿದ್ದರೆ ಮೊದಲ ತಿಂಗಳು ವ್ಯರ್ಥವಾಗದು, ಜೊತೆಗೆ 1ರಿಂದ 7ರವರೆಗೆ ಜಾವಾನೀಸ್ ಅಂಕಿಗಳು ಬಾಯಲ್ಲಿರಲಿ. ಚಕ್ಕಳಮಕ್ಕಳ ಹಾಕಿ ಮೂರು ತಾಸು ಕೂರುವ ಅಭ್ಯಾಸ ನಮ್ಮವರಿಗೆ ಹೇಗೂ ಇದೆ.

ಮುಗಿಸುವುದಕ್ಕೂ ಒಂದು ವಿಧಿಯಿದೆ, ಅದಕ್ಕೆ ಸುವುಕ್ ಎನ್ನುತ್ತಾರೆ. ಕೆಂಡಾಂಗ್ ಮೊದಲು ಸ್ವಲ್ಪ ಓಡಿಸಿ ಎಚ್ಚರಿಸುತ್ತದೆ, ಆಮೇಲೆ ಕೊನೆಯ ಗಾತ್ರಾಗಳನ್ನು ಎಳೆಯುತ್ತ ಹೋಗುತ್ತದೆ. ಹೊಸಬರು ಇಲ್ಲಿಯೂ ಒಂದು ತಪ್ಪು ಮಾಡುತ್ತಾರೆ, ಕೊನೆಯ ಸ್ವರವನ್ನು ಗಾಂಗ್ ಜೊತೆಗೇ ಹೊಡೆದುಬಿಡುತ್ತಾರೆ. ತಾಬುಹ್ ಎತ್ತಿ ಹಿಡಿದು ಕಾಯಬೇಕು. ಗಾಂಗ್ ಬೀಳಲಿ. ಅದರ ಮೊದಲ ಅಲೆ ಎದ್ದಮೇಲೆ ಸಾರೊನ್‌ಗಳ ಕೊನೆಯ ಸ್ವರ, ಅದಕ್ಕೂ ತುಸು ಹಿಂದೆ ಗೆಂದೆರ್, ರೆಬಾಬ್. ಆಮೇಲೆ ಎಡಗೈಯಿಂದ ಚಿವುಟದೆ ಬಿಡಬೇಕು, ಸದ್ದು ತಾನಾಗಿ ಆರುವವರೆಗೆ.